ಅಪ್ಪನ ಕೈಸ್ತೋತ್ರ

ಹೊಸದುರ್ಗದಲ್ಲಿ ಆಗೆಲ್ಲ ಜನ ಬೋರ್ಡು ನೋಡಿ ಬಸ್ಸು ಹತ್ತುತ್ತಿರಲಿಲ್ಲ, ಕಿವಿಗೊಟ್ಟು ಹತ್ತುತ್ತಿದ್ದರು. ತಲೆಯ ಮೇಲೆ ಸಂತೆ ಚೀಲ, ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಾಲು ಕಟ್ಟಿದ ಕೋಳಿ ಹಿಡಿದು ಬರುವವರಿಗೆ ಕತ್ತೆತ್ತಿ ಬೋರ್ಡು ಓದುವ ಪುರಸೊತ್ತು ಎಲ್ಲಿಂದ ಬರಬೇಕು? ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗಿ ಹೇಳುವುದಕ್ಕೇ ಒಬ್ಬ ಮನುಷ್ಯ ಇರುತ್ತಿದ್ದ. ಅವನಿಗೆ ಏಜೆಂಟ್ ಅನ್ನುತ್ತಿದ್ದರು. ನಮ್ಮಪ್ಪ ಅಂಥ ಏಜೆಂಟ್.

ಹೆಸರು ಸಾಮುವೇಲ, ಊರಿನವರ ಬಾಯಲ್ಲಿ ಸಾಮೇಲಣ್ಣ. "ಹೊಳಲ್ಕೆರೇ... ದುರ್ಗಾ ದುರ್ಗಾ ದುರ್ಗಾ" ಎಂದು ಅಪ್ಪ ಒಮ್ಮೆ ಎಳೆದನೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದವನು ಜಾಲರಿ ಎತ್ತಿ ಹಿಡಿದು ಹಾಗೇ ನಿಂತುಬಿಡುತ್ತಿದ್ದನಂತೆ. ಇದು ಅಪ್ಪನೇ ಹೇಳಿದ್ದು, ಅರ್ಧ ಬಿಟ್ಟು ನಂಬಬೇಕು. ಆದರೆ ಬಸ್ಸು ಹೊರಟ ಮೇಲೂ ದೂರದಲ್ಲಿ ಓಡಿ ಬರುತ್ತಿರುವವರನ್ನು ಕಂಡು ಅಪ್ಪ ಕೂಗಿದರೆ ಡ್ರೈವರು ಬ್ರೇಕು ಒತ್ತುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಭಾನುವಾರ ಅದೇ ಗಂಟಲು ನಮ್ಮ ಚರ್ಚಿನಲ್ಲಿ. ಊರಿನಲ್ಲಿ ನಾವಿದ್ದದ್ದೇ ಬೆರಳೆಣಿಕೆಯ ಮನೆಗಳು. ಹಂಚಿನ ಮಾಡಿನ ಪುಟ್ಟ ಚರ್ಚಿಗೆ ಒಂದು ಹಾರ್ಮೋನಿಯಂ ಇತ್ತು, ಅದರ ತಿದಿಯನ್ನು ಇಲಿ ಕಡಿದು ಎಷ್ಟೋ ಕಾಲವಾಗಿತ್ತು. ಹಾಗಾಗಿ ಕೀರ್ತನೆ ಎತ್ತಿಕೊಡುವ ಕೆಲಸ ಅಪ್ಪನದು. ಅಪ್ಪ ಮೊದಲ ಸಾಲು ಹಾಡಿದ ಮೇಲೆ ಉಳಿದವರು ಅದರ ಬೆನ್ನು ಹಿಡಿದು ಹೋಗುವುದು. ಪಲ್ಲವಿಯ ಕೊನೆಯ ಅಕ್ಷರವನ್ನು ಅಪ್ಪ ಎಳೆಯುತ್ತಿದ್ದ ರೀತಿಗೆ, ಇನ್ನೇನು "ರೈಟ್ ರೈಟ್" ಅಂದುಬಿಡುತ್ತಾನೇನೋ ಎಂದು ನನಗೂ ತಮ್ಮ ದಾನಿಗೂ ಒಳಗೊಳಗೇ ನಗು.

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಅದು ಅಪ್ಪನ ತಾಯಿ, ನಮ್ಮ ಶಾಂತಮ್ಮಜ್ಜಿ ಹಾಕಿದ ಕಟ್ಟಳೆ. ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಗೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಆ ದಿನ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕಾದ ಒಂದು ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಊಟಕ್ಕೆ, ಬಟ್ಟೆಗೆ, ಆರೋಗ್ಯಕ್ಕೆ ಎಲ್ಲ ಸೇರಿಸಿ ಅಜ್ಜಿಯೇ ಮೊದಲು ಹೇಳಿ ಮುಗಿಸಿಬಿಡುತ್ತಿದ್ದಳು. ಸುಲಭದ್ದೆಲ್ಲ ಅವಳ ಪಾಲು. ನಮಗೆ ಉಳಿಯುತ್ತಿದ್ದದ್ದು ಹುಡುಕಿ ತೆಗೆಯಬೇಕಾದದ್ದು.

"ಕರೆಂಟು ಬಂದಿದ್ದಕ್ಕೆ ಸ್ತೋತ್ರ" ಅನ್ನುತ್ತಿದ್ದ ದಾನಿ.

"ಅದು ಮೊನ್ನೇದು. ಬ್ಯಾರೆ ಹೇಳು."

"ಕರೆಂಟು ಹೋಗಿದ್ದಕ್ಕೆ ಸ್ತೋತ್ರ. ಓದೋದು ತಪ್ತು."

ಅಜ್ಜಿ ಅದನ್ನೂ ಒಪ್ಪಿಕೊಳ್ಳುತ್ತಿದ್ದಳು. ಸ್ತೋತ್ರ ನಿಜವಾಗಿರಬೇಕು ಅಷ್ಟೆ, ಒಳ್ಳೆಯದಾಗಿರಬೇಕು ಎಂದೇನೂ ಇರಲಿಲ್ಲ. ಅಪ್ಪನ ಸರದಿ ಬಂದಾಗ ಮಾತ್ರ ಮುದ್ದೆ ಆರಿಹೋಗುವ ಭಯ. ಬಸ್‌ಸ್ಟ್ಯಾಂಡಿನ ಇಡೀ ದಿನವನ್ನು ಹೇಳಿ, ನಡುವೆ ಎರಡು ಜಗಳ ತಂದು, ಕೊನೆಗೆ ಸ್ತೋತ್ರಕ್ಕೆ ಬರುತ್ತಿದ್ದ. ಅವ್ವ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಮುಚ್ಚಿ ಸೂಚನೆ ಕೊಡುತ್ತಿದ್ದಳು.

ನಾನು ಹೇಳಲು ಹೊರಟಿರುವುದು ಈ ಅಪ್ಪನ ಸ್ವರ ಹೋದ ವರ್ಷದ ಮಾತು.

ಬೇಸಿಗೆಯಿಂದಲೇ ಗಂಟಲು ಕಟ್ಟುತ್ತಿತ್ತು. ಅಜ್ಜಿ ಮೆಣಸು ಬೆಲ್ಲ ಅರೆದು ಕೊಟ್ಟಳು, ಮುಕ್ಕಳಿಸಲು ಉಪ್ಪುನೀರು ಕೊಟ್ಟಳು, ಹಿಪ್ಪಲಿ ಕಷಾಯ ಕುಡಿಸಿದಳು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ "ಹೊಳಲ್ಕೆರೆ" ಎಂದು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ದುರ್ಗದ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, ಕೂಗಿ ಕೂಗಿ ಗಂಟಲೊಳಗೆ ಗಂಟಾಗಿದೆ ಅಂದರು. ಕ್ರಿಸ್‌ಮಸ್‌ವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು; ಸುಮ್ಮನಿದ್ದರೆ ಸ್ವರ ಮರಳಬಹುದು, ಇಲ್ಲದಿದ್ದರೆ ಉಳಿದದ್ದೂ ಹೋಗುತ್ತದೆ.

ಬಸ್ಸಿನ ಸಾಹುಕಾರರು ಕೆಟ್ಟವರಲ್ಲ. ಮನೆಗೇ ಬಂದು, ಚಾಪೆಯ ಮೇಲೆ ಕುಳಿತು, ಕಾಫಿ ಕುಡಿದು ಹೇಳಿದರು: "ಹಬ್ಬದ ತನಕ ಈಗಿನಂಗೇ ಕಂಡಕ್ಟರ್ ತಿಪ್ಪೇಸ್ವಾಮಿನೇ ಕೂಗ್ಲಿ. ಆಮೇಲೂ ನಿಂಗೆ ಸ್ವರ ಬರ್ಲಿಲ್ಲಾಂದ್ರೆ ನಾನು ಬ್ಯಾರೆಯವ್ರನ್ನ ನೋಡ್ಕಬೇಕಾಗುತ್ತೆ ಸಾಮೇಲ. ಬೇಜಾರು ಮಾಡ್ಕಬ್ಯಾಡ."

ಅಪ್ಪ ಕೈಮುಗಿದ. ಬೇರೆ ಏನು ಮಾಡಲು ಬರುತ್ತಿತ್ತು? ಅವನಿಗೆ ಗೊತ್ತಿದ್ದ ಕೆಲಸ ಕೂಗುವುದೊಂದೇ.

ಅವ್ವ ಕೂಲಿಗೆ ಸುಲಿಯಲು ಮಂಡಿಯಿಂದ ಶೇಂಗಾ ಚೀಲ ತರಿಸಿದಳು. ಬಿತ್ತನೆಗೆ ಬೇಕಾದ ಬೀಜವನ್ನು ಕೈಯಲ್ಲೇ ಸುಲಿದು ಕೊಡಬೇಕು, ಕಾಳು ಒಡೆಯಕೂಡದು. ಮನೆಯ ತುಂಬ ಶೇಂಗಾ ಸಿಪ್ಪೆಯ ಮಣ್ಣುವಾಸನೆ. ಒಲೆಗೂ ಸಿಪ್ಪೆ, ನಮ್ಮ ತಲೆಗೂದಲಲ್ಲೂ ಸಿಪ್ಪೆ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮೂಸಿ ನೋಡಿ, "ನಿಮ್ಮನೇಲಿ ದಿನಾ ಶೇಂಗಾ ಹುರೀತಾರಾ?" ಎಂದು ಆಸೆಯಿಂದ ಕೇಳಿದ್ದಳು.

ಅದಕ್ಕೂ ಮೊದಲು, ಡಾಕ್ಟರ ಹತ್ತಿರ ಹೋಗಿ ಬಂದ ರಾತ್ರಿ, ಎಲ್ಲರೂ ಮಂಕಾಗಿ ಕುಳಿತಿದ್ದೆವು. ಅಜ್ಜಿ ತನ್ನ ಸ್ತೋತ್ರ ಹೇಳಿದಳು. ಅವ್ವ ಹೇಳಿದಳು. ನಾನು, ದಾನಿ ಹೇಳಿದೆವು. ಅಜ್ಜಿ ಅಪ್ಪನ ಕಡೆ ತಿರುಗಿದಳು.

"ಹೂಂ, ನಿಂದು."

ಅಪ್ಪ ಗಂಟಲು ತೋರಿಸಿದ.

"ಗಂಟ್ಲು ಹೋದ್ರೆ ಕೈ ಹೋಗಿಲ್ವಲ್ಲ. ಕೈಯಾಗೆ ಹೇಳು."

ಅಪ್ಪ ಬೇಸರದಿಂದ ಮುದ್ದೆಯ ಕಡೆ ಬೆರಳು ಮಾಡಿದ.

"ಮುದ್ದೆಗೆ ನಾನೇ ಹೇಳಾತು. ಬ್ಯಾರೆ."

ಅಪ್ಪ ತಾಯಿಯ ಮುಖ ನೋಡಿದ. ಅಜ್ಜಿ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಮೂಗು ಮುರಿದು, ಆಮೇಲೆ ಕಣ್ಣು ಮುಚ್ಚಿ ಹಾಯಾಗಿ ತಲೆದೂಗಿದ.

"ಅಪ್ಪಂಗೆ ಕಿವಿನೂ ಹೋತು" ಅಂದ ದಾನಿ, ಅಳುವ ದನಿಯಲ್ಲಿ.

ಅಪ್ಪ ಅಲ್ಲ ಅಲ್ಲ ಎಂದು ಕೈಬೀಸಿದ. ಎದ್ದು ನಿಂತು, ಹೆಗಲಿಗೆ ಚೀಲ ಹಾಕಿದಂತೆ ಮಾಡಿ, ಕತ್ತು ಮುಂದೆ ಚಾಚಿ ಬಾಯಿ ಕಿಸಿದ. ಅವ್ವ ಸೌಟು ಹಿಡಿದವಳು ಥಟ್ಟನೆ, "ತಿಪ್ಪೇಸ್ವಾಮಿ ಕೂಗೋದು ಕೇಳ್ಬೇಕಾಗಿರ್ಲಿಲ್ಲ ಇವತ್ತು, ದುರ್ಗಕ್ಕೆ ಹೋಗಿದ್ವಲ್ಲ, ಅದಕ್ಕೆ ಸ್ತೋತ್ರ" ಅಂದಳು.

ಅಪ್ಪ ಫಟಾರನೆ ತೊಡೆ ತಟ್ಟಿದ. ಸರಿ ಎಂದು ಅರ್ಥ. ಅಜ್ಜಿ ಎಲೆಅಡಿಕೆ ಉಗುಳುವ ಹಾಗೆ ನಕ್ಕಳು. ಆ ದಿನ ಬೆಳಗಿನಿಂದ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ದಾನಿ ಇದಕ್ಕೆ ಕೈಸ್ತೋತ್ರ ಎಂದು ಹೆಸರಿಟ್ಟ. ಆಮೇಲೆ ಊಟಕ್ಕಿಂತ ಅದಕ್ಕೇ ಕಾಯುವಂತಾಯಿತು. ಅಪ್ಪ ಹಗಲೆಲ್ಲ ಹೊಂಚುಹಾಕಿ ಕಷ್ಟದ್ದನ್ನೇ ಹುಡುಕಿ ತರುತ್ತಿದ್ದ. ಬಗ್ಗಿ, ಸೊಂಟಕ್ಕೆ ಕೈಯಿಟ್ಟು, ತುಟಿ ಒಳಗೆ ಮಡಚಿ ನಡೆದರೆ ಅಜ್ಜಿ. ಬೆರಳನ್ನು ಗಾಳಿಯಲ್ಲಿ ಚಿವುಟಿದರೆ ಶೇಂಗಾ. ಎರಡೂ ಕೈ ಕೆನ್ನೆಗೆ ಒತ್ತಿ ಕಣ್ಣರಳಿಸಿದರೆ ಅವ್ವ ಎಂದು ನಾವು ತೀರ್ಮಾನ ಮಾಡಿದ್ದೆವು. ಅದು ಯಾಕೆ ಅವ್ವ ಎಂದು ಕೇಳಿದರೆ ಅವ್ವ ಸಾರು ಬಡಿಸಲು ಏಳುತ್ತಿದ್ದಳು. ಸರಿ ಹೇಳಿದರೆ ತೊಡೆ ತಟ್ಟುವುದು, ತಪ್ಪಾದರೆ ನೊಣ ಓಡಿಸಿದಂತೆ ಕೈಬೀಸುವುದು. ಮುದ್ದೆ ಮೊದಲಿಗಿಂತ ಹೆಚ್ಚು ಆರತೊಡಗಿತು.

ಮಾತಿಲ್ಲದಿದ್ದರೂ ಅಪ್ಪನಿಗೆ ಬಸ್‌ಸ್ಟ್ಯಾಂಡು ಬಿಟ್ಟಿರಲು ಆಗಲಿಲ್ಲ. ಬೆಳಿಗ್ಗೆ ಹೋಗಿ ಸಿಮೆಂಟು ಬೆಂಚಿನ ಮೇಲೆ ಕುಳಿತುಬಿಡುತ್ತಿದ್ದ. ಗಂಟಲಿಗೆ ಥಂಡಿ ಗಾಳಿ ಸೋಕಬಾರದೆಂದು ಅಜ್ಜಿ ತನ್ನ ಬಿಳಿ ಶಾಲು ಹೊದಿಸಿ ಕಳಿಸುತ್ತಿದ್ದಳು. ಗಡ್ಡ ಬೋಳಿಸುವ ಹುಮ್ಮಸ್ಸು ಅಪ್ಪನಿಗೆ ಇರಲಿಲ್ಲ. ಯಾರಾದರೂ "ಏನ್ ಸಾಮೇಲಣ್ಣ, ಯಾಕೆ ಮಾತಿಲ್ಲ?" ಎಂದರೆ ಬಾಯಿಯ ಮೇಲೆ ಬೆರಳಿಟ್ಟು, ಎಲ್ಲ ದೇವರ ಚಿತ್ತ ಎಂದು ಮೇಲೆ ತೋರಿಸಿ, ಕೈಮುಗಿಯುತ್ತಿದ್ದ.

ಬಿಳಿ ಶಾಲು, ಗಡ್ಡ, ಮೌನ, ಆಕಾಶದ ಕಡೆ ಒಂದು ಬೆರಳು. ನಮ್ಮ ಸೀಮೆಯ ಜನ ಇದನ್ನು ನೋಡಿ ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ಸಾಮೇಲಣ್ಣ ಮೌನವ್ರತ ಹಿಡಿದಾನೆ.

ಇದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದವಳು ಬಾಗೂರಿನ ಕೆಂಚಮ್ಮ. ಅವಳ ಗಂಡ ಕರಿಯಣ್ಣ ಕುರಿ ಕಾಯುವವನು, ಅಪ್ಪನಿಗೆ ಹಳೆಯ ಸ್ನೇಹಿತ. ಕೆಂಚಮ್ಮನ ಮೇಕೆಯೊಂದು ತಪ್ಪಿಸಿಕೊಂಡಿತ್ತು. ಹುಡುಕಿ ಸಾಕಾಗಿ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಮುಂದೆ ಗೋಳು ಹೇಳಿಕೊಂಡಳು. ಅಪ್ಪ ಎಂದಿನಂತೆ ಮೇಲೆ ಬೆರಳು ತೋರಿಸಿ ಕೈಮುಗಿದ. ಮಾರನೆಯ ದಿನ ಮೇಕೆ ತಾನಾಗೇ ಮನೆಗೆ ಬಂತು. ಅದರ ಮಾರನೆಯ ದಿನ ಕೆಂಚಮ್ಮ ಅಪ್ಪನ ಕಾಲಬಳಿ ಒಂದು ಗೊನೆ ಬಾಳೆಹಣ್ಣು ಇಟ್ಟು ನಮಸ್ಕಾರ ಮಾಡಿದಳು. ಅಪ್ಪ ಗಾಬರಿಯಾಗಿ ಎದ್ದುನಿಂತು, ಬೇಡ ಬೇಡ ಎಂದು ಎರಡೂ ಕೈ ಎತ್ತಿದ. ನೋಡಿದವರಿಗೆ ಅದು ಆಶೀರ್ವಾದದ ಹಾಗೆ ಕಂಡಿತು.

ಮುಂದೆ ನಿಲ್ಲಲಿಲ್ಲ. ಸೊಗಡವರೆ ಬಂತು, ಮೊಸರಿನ ಕುಡಿಕೆ ಬಂತು, ಸೋರೆಕಾಯಿ ಬಂತು. ಹೊಳಲ್ಕೆರೆ ಕಡೆಯ ಒಬ್ಬರು ಜೀವಂತ ಹುಂಜವನ್ನೇ ಬೆಂಚಿನ ಕಾಲಿಗೆ ಕಟ್ಟಿ ಹೋದರು. ಅಪ್ಪನಿಗೆ ವಿವರಿಸಲು ಬಾಯಿಲ್ಲ. ತಲೆಯಾಡಿಸಿದಷ್ಟೂ ಭಕ್ತಿ ಹೆಚ್ಚಿತು. ಸಂಜೆ ಅಪ್ಪ ಬಗಲಲ್ಲಿ ಹುಂಜ, ಹೆಗಲಲ್ಲಿ ಅವರೆಕಾಯಿ ಚೀಲ ಹೊತ್ತು, ಕಳ್ಳನ ಮುಖ ಮಾಡಿಕೊಂಡು ಒಳಗೆ ಬಂದದ್ದನ್ನು ನೋಡಿ ಅವ್ವ ನಕ್ಕು ನಕ್ಕು ಶೇಂಗಾ ಮೊರ ಚೆಲ್ಲಿದಳು.

ಅಜ್ಜಿ ನಗಲಿಲ್ಲ. "ಇದು ಸುಳ್ಳಿನ ಅನ್ನ. ನಾವು ವ್ರತ ಹಿಡಿಯೋ ಜನ ಅಲ್ಲ. ವ್ರತ ಅಂದ್ಕಂಡು ಕೊಟ್ಟಿದ್ದನ್ನ ಉಂಡ್ರೆ ಮುಂದೆ ಯಾವ ಮಖ ಇಟ್ಕಂಡು ಸ್ತೋತ್ರ ಹೇಳಾಣ?"

"ಅತ್ತೆ, ಮಕ್ಕಳು ಮೊಸರು ಕಂಡು ಎಷ್ಟು ದಿನ ಆತು" ಅಂದಳು ಅವ್ವ ಮೆಲ್ಲಗೆ.

ಅಜ್ಜಿ ಚರ್ಚಿನ ಅಯ್ಯನವರ ಮನೆಗೆ ಹೋದಳು. ಅಯ್ಯನವರು ನಮ್ಮ ಸಭೆಗೆ ಬೋಧಕರು, ಸಣ್ಣ ವಯಸ್ಸಿನವರು, ಅಜ್ಜಿಯನ್ನು ಕಂಡರೆ ಅವರಿಗೇ ಭಯ. ಅವರು ಎಲ್ಲ ಕೇಳಿ, "ಬೈಬಲಿನಲ್ಲಿ ಕಾಗೆಗಳು ಹಸಿದ ಪ್ರವಾದಿಗೆ ರೊಟ್ಟಿ ತಂದುಕೊಟ್ಟವಲ್ಲಮ್ಮ, ಹಾಗೆ ಅಂದುಕೊಳ್ಳಿ" ಅಂದರಂತೆ. "ಕಾಗೆಗಳು ಪ್ರವಾದೀನ ಸ್ವಾಮಿ ಅಂದ್ಕಂಡು ತಂದಿರ್ಲಿಲ್ಲ, ಅಯ್ಯನೋರೆ" ಎಂದು ಹೇಳಿ ಅಜ್ಜಿ ಎದ್ದುಬಂದಳು. ಕೊನೆಗೆ ತೀರ್ಪು ಅವಳದೇ ಆಯಿತು: ಕೊಡಲು ಬಂದವರಿಗೆಲ್ಲ ನಿಜ ಹೇಳಬೇಕು, ನಿಜ ಕೇಳಿದ ಮೇಲೂ ಕೊಟ್ಟರೆ ಇಟ್ಟುಕೊಳ್ಳಬಹುದು. ಹೇಳುವ ಕೆಲಸ ನನಗೆ ಬಿತ್ತು.

ಹೀಗಾಗಿ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮತ್ತು ಸಂತೆಯ ದಿನ, ಎರಡು ಜಡೆ ಹಾಕಿಕೊಂಡು ನಾನು ಅಪ್ಪನ ಬೆಂಚಿನ ಪಕ್ಕ ನಿಲ್ಲುತ್ತಿದ್ದೆ. ಯಾರಾದರೂ ಕೈಯಲ್ಲಿ ಏನಾದರೂ ಹಿಡಿದು ಬಂದ ಕೂಡಲೇ ಅಜ್ಜಿ ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುವುದು: "ನಮ್ಮಪ್ಪ ಸ್ವಾಮಿ ಅಲ್ಲ. ವ್ರತ ಹಿಡ್ದಿಲ್ಲ. ಕೂಗಿ ಕೂಗಿ ಗಂಟ್ಲಾಗೆ ಗಂಟಾಗೈತೆ. ಈಗ್ಲೂ ಕೊಡ್ತೀರಾ?"

ಒಂದಿಬ್ಬರು ಮುಖ ಸಣ್ಣ ಮಾಡಿಕೊಂಡು ತಂದದ್ದನ್ನು ವಾಪಸ್ಸು ಒಯ್ದರು. ಒಬ್ಬ ಯಜಮಾನರು ನನ್ನ ತಲೆ ಸವರಿ, "ವ್ರತಾನ ಹೇಳ್ಕಳ್ಳಬಾರ್ದು ಅಂತಲೇ ನಿಮ್ಮಪ್ಪ ನಿನ್ ಕೈಲಿ ಹಿಂಗೆ ಹೇಳಿಸ್ತಾ ಇರೋದು ಮಗಳೆ, ನಂಗೆ ಗೊತ್ತು" ಎಂದು ಇನ್ನೂ ಬಗ್ಗಿ ನಮಸ್ಕಾರ ಮಾಡಿದರು. ಅವರ ಸೋರೆಕಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಬಜ್ಜಿ ಕರಿಯುವವನಿಗೆ ಕೊಟ್ಟುಬಿಟ್ಟೆ.

ಕೆಂಚಮ್ಮ ಮೊಸರಿನ ಕುಡಿಕೆ ಹಿಡಿದು ಬಂದ ದಿನ ನಾನು ಸ್ವಲ್ಪ ಅಳುಕುತ್ತಲೇ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕುಡಿಕೆಯನ್ನು ಬೆಂಚಿನ ಮೇಲೆ ಇಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡಳು.

"ಸ್ವಾಮಿ ಅಲ್ದಿದ್ರೆ ಏನಾತವ್ವ? ಸಾಮೇಲಣ್ಣ ಅಲ್ವಾ? ನಮ್ ಸಣ್ಣ ಮಗಂಗೆ ಬ್ಯಾನೆ ಬಂದಾಗ ದುರ್ಗದ ದವಾಖಾನೆಗೆ ಹೋಗಾಣಾಂತ ಅವನ್ನ ಎತ್ಕಂಡು ಇಲ್ಲಿಗೆ ಓಡಿಬಂದೆ. ಬಸ್ಸು ಹೊಂಟೇ ಹೋಗಿತ್ತು. ನಿಮ್ಮಪ್ಪ ಅಲ್ಲಿಂದ ಕೂಗಿದ್ದು ಇನ್ನೂ ನನ್ ಕಿವಿಯಾಗೈತೆ. ಬಸ್ಸು ನಿಲ್ತು. ನಮ್ಮಂಥೋರಿಗೆ ಕೂಗಿ ಕೂಗೇ ಅಲ್ವಾ ಗಂಟಾಗಿದ್ದು? ಹಂಗಾದ್ರೆ ಮೊಸರು ಬ್ಯಾಡಾಂದ್ರೂ ಇಕ್ತೀನಿ."

ಅಪ್ಪ ಬೇರೆ ಕಡೆ ನೋಡುತ್ತಿದ್ದ. ಆಮೇಲೆ ಕುಡಿಕೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

ಆ ರಾತ್ರಿ ಅಪ್ಪನ ಕೈಸ್ತೋತ್ರ ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಅನ್ನಕ್ಕೆ ಗಟ್ಟಿ ಮೊಸರು ಬಡಿಸಿದಾಗ ಅಜ್ಜಿ ಎರಡನೆಯ ಸಲ ಕೈಯೊಡ್ಡಿದಳು.

ಡಿಸೆಂಬರ್ ಹತ್ತಿರವಾದಂತೆ ಅಜ್ಜಿ ಕರ್ಜಿಕಾಯಿಗೆ ಕೊಬ್ಬರಿ ತುರಿಯುವ ಮಾತು ತೆಗೆದಳು, ಅವ್ವ ನಿದ್ದೆ ಬಿಟ್ಟಳು. ತಿಪ್ಪೇಸ್ವಾಮಿಯ ಕೂಗು ಟಿಕೆಟ್ ಹರಿಯುವುದರ ನಡುವೆ ಯಾರಿಗೂ ಕೇಳುತ್ತಿರಲಿಲ್ಲ, ಬಸ್ಸು ಅರ್ಧ ಖಾಲಿ ಹೋಗುತ್ತಿತ್ತು. ಸಾಹುಕಾರರು ಹೊಸಬರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ನಮ್ಮ ಓಣಿಗೂ ಬಂತು.

ಆಗ ನಮ್ಮ ಮನೆಯ ಹಿಂದೆ, ಶೇಂಗಾ ಕಿತ್ತ ಹೊಲದಲ್ಲಿ ಕರಿಯಣ್ಣ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿದ್ದ. ಸಂಜೆ ಕಂಬಳಿ ಹೆಗಲಿಗೇರಿಸಿ ಕಾಫಿಗೆ ಬಂದವನು ಅಪ್ಪನನ್ನು ನೋಡಿ, "ಏನ್ ಸಾಮೇಲಣ್ಣ, ಮಖ ಬಾಡಿದ ಸೊಪ್ಪಾಗೈತಲ್ಲ" ಅಂದ. ಅಜ್ಜಿ ಸಾಹುಕಾರರ ಸುದ್ದಿ ಹೇಳಿದಳು.

"ಅಷ್ಟೇಯಾ? ಬರ್ರಿ ಇಲ್ಲಿ" ಎಂದು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದ. ಕೋಲಿನಿಂದ ನೆಲಕ್ಕೆ ಎರಡು ಸಲ ಬಡಿದ. ಮಲಗಿದ್ದ ಕುರಿಗಳೆಲ್ಲ ಎದ್ದುನಿಂತವು. ಸೊಂಟದ ತಗಡಿನ ಡಬ್ಬಿಗೆ ಟಕಟಕ ಎಂದು ಬೆರಳಲ್ಲಿ ಬಡಿದ. ಕುರಿಗಳು ನೀರಿನ ತೊಟ್ಟಿಯ ಕಡೆ ತಿರುಗಿದವು.

"ಇಷ್ಟು ಕುರಿ ಕಾಯ್ತೀನಿ. ಬಾಗೂರಿಗೆ ಹೋಗಾಣ ಬರ್ರಿ ಅಂತ ಒಂದಕ್ಕಾದ್ರೂ ಬಾಯಿಬಿಟ್ಟು ಹೇಳಿದೀನಾ?"

"ಜನ ಏನು ಕುರಿಗಳೇನಪ್ಪ?" ಅಂದಳು ಅಜ್ಜಿ.

"ಬಸ್‌ಸ್ಟ್ಯಾಂಡಾಗೆ ಒಂದ್ಸಲ ನಿಂತು ನೋಡಜ್ಜಿ. ನಮ್ ಕುರೀನೇ ವಾಸಿ, ಸಾಲಾಗಿ ಹೋಗ್ತವೆ."

ಅಪ್ಪ ನಗಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ಅಪ್ಪ ಗಡ್ಡ ಬೋಳಿಸಿ, ಶಾಲು ಮಡಚಿಟ್ಟು ಹೋದ. ದುರ್ಗದ ಬಸ್ಸಿನ ಪಕ್ಕೆಗೆ ಅಂಗೈಯಿಂದ ಬಡಿದ: ನಿಧಾನವಾಗಿ ಎರಡು ಪೆಟ್ಟು, ಹಿಂದೆಯೇ ಮಳೆ ಬಿದ್ದಂತೆ ಧಡಧಡ ಎಂದು ಒಂದು ಓಟ. ಎರಡು ಪೆಟ್ಟು ಹೊಳಲ್ಕೆರೆಗೆ, ಓಟ ದುರ್ಗಕ್ಕೆ. ಹಿರಿಯೂರಿನ ಬಸ್ಸಿಗೆ ಬೇರೆ ಬಡಿತ, ಕುಣಿಯುವಂಥದ್ದು. ಅದು ನಮ್ಮ ಒಂದು ಹಬ್ಬದ ಕೀರ್ತನೆಯ ತಾಳ ಎಂದು ನಮ್ಮ ಸಭೆಯವರಿಗೆ ಮಾತ್ರ ಗೊತ್ತಿತ್ತು.

"ಲೇ ಸಾಮೇಲ, ಬಸ್ಸು ತಗ್ಗು ಬೀಳ್ತೈತೆ ಕಣಪ್ಪ" ಎಂದು ಡ್ರೈವರು ಗೊಣಗಿದ. ಮೊದಲು ಎರಡು ದಿನ ಜನ ಬೆಪ್ಪಾಗಿ ನೋಡಿದರು. ಅಪ್ಪ ಬಡಿಯುವುದು, ತಿಪ್ಪೇಸ್ವಾಮಿ ಹಿಂದೆಯೇ ಊರು ಹೇಳುವುದು. ಆಮೇಲೆ ತಿಪ್ಪೇಸ್ವಾಮಿ ಹೇಳುವುದೂ ಬೇಡವಾಯಿತು. ಹೋಟೆಲಿನೊಳಗೆ ಮಂಡಕ್ಕಿ ತಿನ್ನುತ್ತಿದ್ದವರು ಬಡಿತ ಕೇಳಿ, "ಏ, ಹಿರಿಯೂರು ಬಂತು" ಎಂದು ಪೊಟ್ಟಣ ಕಟ್ಟಿಕೊಂಡು ಏಳತೊಡಗಿದರು. ನಮ್ಮ ಓಣಿಯ ಮಕ್ಕಳ ಬಸ್ಸಾಟದಲ್ಲಿ ಎಲ್ಲರ ಮನೆಯ ಸೀಮೆಎಣ್ಣೆ ಡಬ್ಬಗಳೂ ತಗ್ಗು ಬಿದ್ದವು. ಅದಕ್ಕೆ ಬೈಸಿಕೊಂಡವನು ದಾನಿ.

ಸಾಹುಕಾರರು ಒಂದು ದಿನ ಬಂದು ಬೆಂಚಿನ ಮೇಲೆ ಕುಳಿತು ನೋಡಿ, ತುಂಬಿದ ಬಸ್ಸನ್ನೂ ತಗ್ಗುಬಿದ್ದ ತಗಡನ್ನೂ ಸವರಿ, "ಹಬ್ಬ ಆಗ್ಲಿ, ಸ್ವರ ಏನಾಗುತ್ತೋ ನೋಡಾಣ" ಎಂದಷ್ಟೇ ಹೇಳಿಹೋದರು. ಅವ್ವನಿಗೆ ಆ ರಾತ್ರಿಯೂ ನಿದ್ದೆ ಬರಲಿಲ್ಲ.

ಹಬ್ಬಕ್ಕೆ ಸ್ವಲ್ಪ ಮುಂಚೆ ದುರ್ಗದ ಡಾಕ್ಟರು ಮತ್ತೆ ಕನ್ನಡಿ ಇಟ್ಟು ನೋಡಿ, ಗಂಟು ಕರಗಿದೆ, ಇನ್ನು ಮೆಲ್ಲಗೆ ಮಾತಾಡಿ ನೋಡು ಅಂದರು. ಅಪ್ಪ ಮಾತಾಡಲಿಲ್ಲ. ಅಜ್ಜಿ ಬಿಡಲಿಲ್ಲ. ನಮ್ಮ ಸಭೆಯಲ್ಲಿ ಮೊದಲ ತೆನೆ, ಹಸು ಈದಾಗ ಮೊದಲ ಹಾಲು, ಹೊಸ ಮಾವಿನ ಮೊದಲ ಕಾಯಿ ಚರ್ಚಿಗೆ ತಂದಿಡುವ ಪದ್ಧತಿ ಇತ್ತು. "ಮೊದಲ ಸ್ವರಾನೂ ಅಲ್ಲೇ ತರಬೇಕು. ಕ್ರಿಸ್‌ಮಸ್ ಬೆಳಿಗ್ಗೆ ಕೀರ್ತನೆ ಎತ್ಕೊಡು, ಆಮೇಲೆ ಎಷ್ಟು ಬೇಕಾದ್ರೂ ಜಗಳ ಆಡು" ಎಂದಳು. ಸ್ವರ ಬಂದಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಅಪ್ಪನಿಗೂ ಭಯವಿತ್ತು ಎಂದು ಈಗ ಅನ್ನಿಸುತ್ತದೆ. ಅಜ್ಜಿಯ ಮಾತಿಗೆ ಅವನು ಅಷ್ಟು ಬೇಗ ತಲೆಯಾಡಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕ್ರಿಸ್‌ಮಸ್ ಬೆಳಿಗ್ಗೆ ನಮ್ಮ ಚರ್ಚು ಎಂದೂ ಕಾಣದಷ್ಟು ಜನ. ಸಾಮೇಲಣ್ಣ ಬಾಯಿ ಬಿಡುತ್ತಾನಂತೆ ಎಂದು ಅರ್ಧ ಬಸ್‌ಸ್ಟ್ಯಾಂಡು ಬಂದಿತ್ತು. ಕೆಂಚಮ್ಮ ಹೂವು ಮುಡಿದು ಬಾಗಿಲಲ್ಲಿ ನಿಂತಿದ್ದಳು, ಕರಿಯಣ್ಣ ಕಂಬಳಿ ಸಮೇತ. ಬಜ್ಜಿ ಕರಿಯುವವನು ಒಲೆ ಆರಿಸಿ ಬಂದಿದ್ದ. ಸಾಹುಕಾರರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ. ಅಯ್ಯನವರಿಗೆ ಸಂತೋಷದಲ್ಲಿ ಪ್ರಾರ್ಥನೆಯ ಮಾತುಗಳು ಹಿಂದುಮುಂದಾದವು.

ಅಪ್ಪ ಎದ್ದುನಿಂತ. ಬಿಳಿ ಅಂಗಿಗೆ ಅವ್ವ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಳು. ಬಾಯಿ ತೆರೆದ. ಮೊದಲ ಅಕ್ಷರ ಎಣ್ಣೆ ಕಾಣದ ರಾಟೆಯ ಹಾಗೆ ಕಿರುಗುಟ್ಟಿಕೊಂಡು ಹೊರಬಂತು. ಎರಡನೆಯದು ಸ್ವಲ್ಪ ಎದ್ದಿತು. ಸಾಲು ಮೇಲೆ ಏರಬೇಕಾದ ಕಡೆ, ಅಪ್ಪ ಯಾವಾಗಲೂ ಎಳೆಯುತ್ತಿದ್ದ ಆ ಜಾಗದಲ್ಲಿ, ಸ್ವರ ಒಡೆದು ಬರೀ ಗಾಳಿಯಾಯಿತು.

ಅವ್ವ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಬಳೆಯ ಗುರುತು ಸಂಜೆಯವರೆಗೂ ಇತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪ ಇನ್ನೊಮ್ಮೆ ಬಾಯಿ ತೆರೆದ, ಮುಚ್ಚಿದ. ಮುಂದಿನ ಬೆಂಚಿನ ಹಲಗೆಯ ಮೇಲೆ ಅವನ ಕೈ ಇತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಡಿದ. ನಿಧಾನವಾಗಿ ಎರಡು ಪೆಟ್ಟು, ಹಿಂದೆಯೇ ಧಡಧಡ ಒಂದು ಓಟ.

ಬಾಗಿಲ ಕಡೆಯಿಂದ ಕೆಂಚಮ್ಮನ ದನಿ ಅಭ್ಯಾಸಬಲದಿಂದ ಹೊರಟುಬಿಟ್ಟಿತು: "ಹೊಳಲ್ಕೆರೆ, ದುರ್ಗ."

ಮೊದಲು ನಕ್ಕವರು ಅಯ್ಯನವರು. ತಡೆದುಕೊಳ್ಳಲು ಮುಖಕ್ಕೆ ಪುಸ್ತಕ ಅಡ್ಡ ಹಿಡಿದರೂ ಭುಜ ಕುಲುಕುತ್ತಿತ್ತು. ಆಮೇಲೆ ಸಾಹುಕಾರರು, ಆಮೇಲೆ ಹಂಚು ಹಾರುವ ಹಾಗೆ ಎಲ್ಲರೂ. ಅಪ್ಪನೂ ನಕ್ಕ. ನಗೆಯೂ ಒಡಕು ದನಿಯಲ್ಲೇ ಬಂತು. ನಕ್ಕು ಕಣ್ಣೊರೆಸಿಕೊಂಡು ಅಪ್ಪ ಬಡಿತ ಬದಲಿಸಿದ. ಹಿರಿಯೂರಿನದು, ಕುಣಿಯುವ ಹಬ್ಬದ ತಾಳ. ಅಜ್ಜಿ ತನ್ನ ಬೊಚ್ಚು ಬಾಯಲ್ಲಿ ಆ ಕೀರ್ತನೆ ಎತ್ತಿಕೊಂಡಳು. ನಾವೆಲ್ಲ ಅವಳ ಬೆನ್ನು ಹಿಡಿದೆವು. ಹೊರಗಿದ್ದವರಿಗೆ ಪದ ಗೊತ್ತಿರಲಿಲ್ಲ, ತಾಳ ಗೊತ್ತಿತ್ತು. ಬಾಗಿಲಿಗೆ, ಗೋಡೆಗೆ ಬಡಿದರು, ಕರಿಯಣ್ಣ ತನ್ನ ಡಬ್ಬಿಗೆ ಬಡಿದ. ಹಾರ್ಮೋನಿಯಂ ಇದ್ದ ಕಾಲದಲ್ಲೂ ಆ ಕೀರ್ತನೆ ಅಷ್ಟು ಗಟ್ಟಿಯಾಗಿ ಕೇಳಿರಲಾರದು.

ಹೊರಗೆ ಕರ್ಜಿಕಾಯಿ ತಿನ್ನುತ್ತ ಸಾಹುಕಾರರು ಅಪ್ಪನ ಹತ್ತಿರ ಬಂದರು. "ನಾಳೆ ರಜಾ ತಗ. ನಾಡಿದ್ದು ಬೆಳಿಗ್ಗೆ ಬಂದ್ಬಿಡು ಸಾಮೇಲ. ಬಾಯಿ ಬ್ಯಾಡ, ಕೈ ತಗಂಡು ಬಾ."

ಅವ್ವ ಚರ್ಚಿನ ಹಿಂದಿನ ಬೇವಿನ ಮರದ ಹತ್ತಿರ ಹೋಗಿ ಒಂದಷ್ಟು ಹೊತ್ತು ನಿಂತು ಬಂದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿ, "ಈಗ ಬಾಯಿ ಬಂದೈತಲ್ಲ, ಒಡಕಾದ್ರೂ ಪರವಾಗಿಲ್ಲ. ಬಾಯಾಗೇ ಹೇಳು" ಅಂದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಬಲಗೈ ಮುಷ್ಟಿ ಕಟ್ಟಿ ಎದೆಗಿಟ್ಟುಕೊಂಡ. ನಮ್ಮೆಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿದ. ಆಮೇಲೆ ಮುಷ್ಟಿಯನ್ನು ಮೆಲ್ಲಗೆ ಬಿಚ್ಚುತ್ತ, ಬೀದಿಬಾಗಿಲ ಕಡೆ ಕೈ ಚಾಚಿದ.

"ಹಕ್ಕಿ" ಅಂದ ದಾನಿ. ಅಪ್ಪ ಕೈಬೀಸಿದ.

"ಬಸ್ಸು ಹೊಂಟಿದ್ದು" ಅಂದೆ ನಾನು. ಅಲ್ಲ.

"ನನ್ ಎಲೆಅಡಿಕೆ ಚೀಲ" ಅಂದಳು ಅಜ್ಜಿ. ಅಲ್ಲವೇ ಅಲ್ಲ.

ಅವ್ವ, ಕೆಲಸ ಉಳಿದಿದ್ದಕ್ಕೆ ಅಂದಳು, ಕೆಂಚಮ್ಮ ಅಂದಳು, ದೇವರು ಅಂದಳು. ಅಪ್ಪ ಕೈಬೀಸುತ್ತ ನಗುತ್ತಿದ್ದ. ಹಬ್ಬದ ಸಾರು ಕೆನೆಗಟ್ಟಿತು. ಕೊನೆಗೆ ಅಪ್ಪ ತಟ್ಟೆ ಎಳೆದುಕೊಂಡು ಉಣ್ಣಲು ಶುರುಮಾಡಿದ. ಹೇಳಲಿಲ್ಲ. ಮಾರನೆಯ ದಿನ ಕೇಳಿದರೂ ಹೇಳಲಿಲ್ಲ. ಆಮೇಲೆ ವರ್ಷಗಟ್ಟಲೆ ಯಾವಾಗ ಕೇಳಿದರೂ, ಒಡಕು ದನಿಯಲ್ಲಿ, "ಊಹೆ ಮಾಡ್ರಿ" ಅನ್ನುತ್ತಿದ್ದ.

ಅಪ್ಪನ ಸ್ವರ ಕೊನೆಯವರೆಗೂ ಹಾಗೇ ಉಳಿಯಿತು. ಆ ಬಸ್ಸುಗಳು ಗುಜರಿಗೆ ಹೋಗುವ ತನಕ ಅವನು ಬಡಿದೇ ಜನ ಹತ್ತಿಸಿದ. ಈಗ ಅಜ್ಜಿಯಿಲ್ಲ, ಅಪ್ಪನೂ ಇಲ್ಲ. ಮೊನ್ನೆ ಹೊಸದುರ್ಗಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡುಗಳು ದೊಡ್ಡದಾಗಿವೆ, ಓದಿ ಹತ್ತುತ್ತಾರೆ. ಓಡಿ ಬರುವವರನ್ನು ಯಾರೂ ಕೂಗುವುದಿಲ್ಲ. ಚರ್ಚಿಗೆ ವಿದ್ಯುತ್ ಕೀಬೋರ್ಡು ಬಂದಿದೆ, ತಾಳವನ್ನು ಅದೇ ಹಾಕಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಈಗಲೂ ಊಟದ ಮೊದಲು ಸ್ತೋತ್ರ ಹೇಳುತ್ತೇವೆ, ನನ್ನ ಮಕ್ಕಳು ಸೇರಿ. ಅಚ್ಚುಕಟ್ಟಾಗಿ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಅನ್ನ ಆರುವುದಿಲ್ಲ.

ಅವ್ವ ನನ್ನ ಜೊತೆಗಿದ್ದಾಳೆ. ಹೋದ ಕ್ರಿಸ್‌ಮಸ್ಸಿಗೆ ಕರ್ಜಿಕಾಯಿ ಅಂಚು ಮಡಚುತ್ತ ಕುಳಿತಿದ್ದಾಗ ಕೇಳಿದೆ: "ಅವ್ವ, ಆವತ್ತು ಅಪ್ಪ ಮುಷ್ಟಿ ಬಿಚ್ಚಿದ್ನಲ್ಲ, ಅದೇನು ಅಂತ ನಿಂಗಾದ್ರೂ ಹೇಳಿದ್ನಾ?"

"ಇಲ್ಲ ಕಣೆ. ನಾನೂ ಇನ್ನೂ ಊಹೆ ಮಾಡ್ತಾನೇ ಇದೀನಿ" ಅಂದಳು. ಆಮೇಲೆ ಹಿಟ್ಟಿನ ಕೈಯನ್ನು ಮುಷ್ಟಿ ಕಟ್ಟಿ ಎದೆಗಿಟ್ಟು, ಮೆಲ್ಲಗೆ ಬಿಚ್ಚಿದಳು. "ಇದಿರಬೌದಾ ಅಂತ ಒಂದು ಹೊಳೆದೈತೆ."

"ಇಷ್ಟು ದಿನ ಎದೆಯಾಗೆ ಹಿಡ್ಕಂಡಿದ್ದ ಹೆದರಿಕೆ ಬಾಗ್ಲಾಚೆ ಹೋಗಿದ್ದಕ್ಕೆ" ಅಂದಳು. ಇರಬಹುದು ಅನ್ನಿಸಿತು ನನಗೂ. ಇಬ್ಬರೂ ಮತ್ತೆ ಕರ್ಜಿಕಾಯಿ ಮಡಚತೊಡಗಿದೆವು. ಸರಿಯಾಗಿಯೇ ಊಹಿಸಿದ್ದರೂ, ಫಟಾರನೆ ತೊಡೆ ತಟ್ಟುವವನು ಇರಲಿಲ್ಲ.